ಏಳು ಗಂಟೆಗೆ ನಾನು ನಕ್ಕಿದ್ದೆ

ಅವರಿಗೆ ಬೇಕಾಗಿದ್ದದ್ದು ಚಹಾ. ಬಾಯಿಂದ ಬಂದದ್ದು ಬೇರೆ.

“ಒಂದ್ ಲೋಟ ಕಿಟಕಿ ಕೊಡು.”

ನಾನು ನಕ್ಕೆ.

ಸಿದ್ದಾಪುರದ ನಮ್ಮ ಬಾಡಿಗೆ ಮನೆ, ಬೆಳಗಿನ ಏಳು ಗಂಟೆ. ನನ್ನ ಗಂಡ ಗಜಾನನ ವಿಮೆ ಏಜೆಂಟರು. ಮಾತೇ ಅವರ ಬಂಡವಾಳ. ಅಂಥವರು ಹೀಗೆಂದರೆ ತಮಾಷೆಯಲ್ಲದೆ ಇನ್ನೇನು? ಅದಕ್ಕೆ ಕಾರಣವೂ ಇತ್ತು. ನಾನು ಕೆಲಸ ಮಾಡುವ ಲೈಬ್ರರಿಯಿಂದ ಒಂದು ಹಳೆಯ ಹಾಸ್ಯ ಕಾದಂಬರಿ ತಂದು, ವಾರದಿಂದ ಅವರಿಗೆ ಓದಿ ಹೇಳುತ್ತಿದ್ದೆ. ಅದರಲ್ಲೊಬ್ಬ ಪಟೇಲ. ವಯಸ್ಸಾದಂತೆ ಅವನ ನಾಲಿಗೆಗೆ ಬೇಕಾದ ಶಬ್ದ ಸಿಗುವುದಿಲ್ಲ, ಪಕ್ಕದ್ದು ಸಿಗುತ್ತದೆ. ಮದುವೆ ಚಪ್ಪರದಲ್ಲಿ ಎದ್ದು ನಿಂತು ವಧೂವರರಿಗೆ ಹೃತ್ಪೂರ್ವಕ ಸಂತಾಪ ಸೂಚಿಸುತ್ತಾನೆ. ಆ ಪುಟಕ್ಕೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು.

“ಪಟೇಲರೇ, ಕಿಟಕಿಗೆ ಸಕ್ಕರೆ ಎಷ್ಟು?” ಎಂದೆ.

ಅವರು ಮತ್ತೇನೋ ಹೇಳಿದರು. ಅದೂ ಅಡ್ಡಾದಿಡ್ಡಿ. “ಸಾಕು, ನಾಟಕ ಮಾಡಡಿ,” ಎಂದು ಲೋಟ ಮುಂದಿಟ್ಟು ಸ್ನಾನಕ್ಕೆ ಹೋದೆ. ಬಂದಾಗ ಚಹಾ ಹಾಗೇ ತಣಿದಿತ್ತು. ಅವರು ಗೋಡೆ ಕಡೆ ತಿರುಗಿ ಮಲಗಿದ್ದರು. ಸಿಟ್ಟು ಬಂದಿರಬೇಕೆಂದು ದೋಸೆ ಎರೆಯಲು ಕುಳಿತೆ.

ಒಂಬತ್ತಕ್ಕೆ ನಾದಿನಿ ನಾಗವೇಣಿ ಬಂದಳು. ಕೋಣೆಗೆ ಹೋದವಳೇ ಕೂಗಿಕೊಂಡಳು. “ಅತ್ತಿಗೆ, ಅಣ್ಣನ ಬಾಯಿ ಸೊಟ್ಟ ಆಜು! ಬಲಗೈ ಎತ್ತಲೆ ಆಗ್ತಾ ಇಲ್ಲೆ. ಯಾವಾಗಿಂದ ಹಿಂಗೆ?”

“ಗೊತ್ತಿಲ್ಲೆ,” ಎಂದೆ.

ಶಿರಸಿಯ ಆಸ್ಪತ್ರೆ ಮುಟ್ಟಿದಾಗ ಹತ್ತೂಕಾಲು. ಸಿ.ಟಿ. ಸ್ಕ್ಯಾನ್ ನೋಡಿದ ಡಾಕ್ಟರ್ ಹಾವೇರಿ ಕಡೆಯವರು. “ಸ್ಟ್ರೋಕ್ ಆಗೇತ್ರಿ. ಕ್ಲಾಟ್ ಕರಗಸೋ ಇಂಜೆಕ್ಷನ್ ಐತಿ, ಆದ್ರ ಶುರುವಾಗಿ ನಾಲ್ಕೂವರೆ ತಾಸಿನೊಳಗ ಕೊಡಬೇಕು. ತಡಾ ಆದ್ಮ್ಯಾಲೆ ಕೊಟ್ರ ಮೆದುಳಿನ್ಯಾಗ ರಕ್ತಸ್ರಾವ ಆಗೋ ಭಯ ಜಾಸ್ತಿ. ಎಷ್ಟಕ್ಕ ಶುರುವಾತು? ಕರೆಕ್ಟ್ ಹೇಳ್ರಿ.”

ನಾಗವೇಣಿ ಪಕ್ಕದಲ್ಲೇ ನಿಂತಿದ್ದಳು.

“ಒಂಬತ್ತಕ್ಕೆ,” ಎಂದೆ.

ಅವರು ಬರೆದುಕೊಂಡರು. ನರ್ಸ್ ಒಪ್ಪಿಗೆ ಪತ್ರ ತಂದಳು. ಅದರಲ್ಲಿ ನಾನು ಹೇಳಿದ ಸಮಯ ದುಂಡಗಿನ ಅಕ್ಷರದಲ್ಲಿತ್ತು. ಎತ್ತಿಕೊಂಡ ಪೆನ್ನನ್ನು ಕೆಳಗಿಟ್ಟೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಈ ಮನುಷ್ಯನ ತಲೆಯೊಳಗೆ ರಕ್ತ ಹರಿಸಲು ಹೊರಟಿದ್ದೆ.

“ಡಾಕ್ಟ್ರೇ, ಏಳಕ್ಕೇ ಶುರುವಾಗಿತ್ತು. ಏನೇನೋ ಮಾತಾಡಿದ್ರು. ನಾನು ತಮಾಷೆ ಅಂದ್ಕೊಂಡು ನಕ್ಕೆ.”

ಡಾಕ್ಟರ್ ಬೈಯಲಿಲ್ಲ. ಗೋಡೆ ಗಡಿಯಾರ ನೋಡಿದರು. “ಇನ್ನೂ ಅರ್ಧ ತಾಸು ಐತಿ,” ಎಂದು ಬಿರಬಿರನೆ ಒಳಗೆ ನಡೆದರು. ನಾಗವೇಣಿ ನನ್ನ ಮುಖ ನೋಡಲಿಲ್ಲ. ಅಂದು ಸಂಜೆಯವರೆಗೂ ನೋಡಲಿಲ್ಲ.

ಇಂಜೆಕ್ಷನ್ ಸಮಯದೊಳಗೆ ಬಿತ್ತು. ಜೀವ ಉಳಿಯಿತು. ಕಾಲಿಗೆ ಬಲ ಬಂತು. ಮಾತು ಮಾತ್ರ ಬರಲಿಲ್ಲ. ಬೇಕಾದ ಶಬ್ದ ಸಿಗದ ಈ ತೊಂದರೆಗೆ ಅಫೇಸಿಯಾ ಎಂದರು, ಸ್ಪೀಚ್ ಥೆರಪಿ ಬರೆದುಕೊಟ್ಟರು. ಎರಡು ಗಂಟೆ ಮೊದಲೇ ಕರೆತಂದಿದ್ದರೆ? “ಅದನ್ನ ಹೇಳಾಕ ಬರಂಗಿಲ್ರಿ,” ಎಂದರು ಡಾಕ್ಟರ್. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಲೈಬ್ರರಿಯಲ್ಲಿ ಮೆದುಳಿನ ಕಾಯಿಲೆಗಳ ಬಗ್ಗೆ ವೈದ್ಯರೊಬ್ಬರು ಬರೆದ ಪುಸ್ತಕ ಹುಡುಕಿ ಓದಿದೆ. ಅದರಲ್ಲೊಬ್ಬ ರೋಗಿ ಬಾಚಣಿಗೆ ತೋರಿಸಿ ಏಣಿ ಎನ್ನುತ್ತಾನೆ, ತಪ್ಪೆಂದು ತಿಳಿದು ಅಳುತ್ತಾನೆ. ಇವನು ಅದೇ ಪಟೇಲನಲ್ಲವೇ ಅನ್ನಿಸಿ, ಕಾದಂಬರಿಯನ್ನು ಮತ್ತೆ ತೆರೆದೆ. ಮದುವೆಯ ನಂತರದ ಪುಟದಲ್ಲಿ ಪಟೇಲ ಮನೆಗೆ ಬಂದು, ಬಾವಿಕಟ್ಟೆಯ ಮೇಲೆ ಒಬ್ಬನೇ ಕುಳಿತು “ಶುಭಾಶಯ, ಶುಭಾಶಯ” ಎಂದು ಮೆಲ್ಲಗೆ ಅಭ್ಯಾಸ ಮಾಡುತ್ತಾನೆ. ಆ ಪುಟವನ್ನೂ ನಾನು ಗಟ್ಟಿಯಾಗಿ ಓದಿದ್ದೆ. ಅಲ್ಲಿಯೂ ನಕ್ಕಿದ್ದೆ. ಬರೆದವರು ಕ್ರೂರಿಯಾಗಿರಲಿಲ್ಲ, ನನಗೆ ಓದಲು ಬಂದಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಕಲಿತ ಮನ್ಮನೆ ಊರಿನ ಶಾಲೆಯಲ್ಲಿ ಉಗ್ಗುತ್ತಿದ್ದ ಸಾವಿತ್ರಿಯನ್ನು ಅಣಕಿಸಿ ಇಡೀ ತರಗತಿಯನ್ನು ನಗಿಸುತ್ತಿದ್ದವಳು ನಾನೇ. ಅವಳು ಆಮೇಲೆ ಪ್ರಶ್ನೆಗೆ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಇಷ್ಟು ವರ್ಷ ಅದು ನೆನಪಿಗೇ ಬಂದಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಗಜಾನನರ ಅಂಗಿ ಗುಂಡಿ ಹಾಕುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ನಕ್ಕದ್ದು, ತಡ ಮಾಡಿದ್ದು, ಡಾಕ್ಟರಿಗೆ ಹೇಳಿದ ಸುಳ್ಳು. ಅವರು ಬಹಳ ಹೊತ್ತು ತುಟಿ ಆಡಿಸಿದರು. ನಾನು ಶಬ್ದ ಎತ್ತಿಕೊಡಲಿಲ್ಲ. ಕಾದೆ.

“ನೀ... ನೆಗ್ಯಾಡಿದ್ದು... ಕೇಳಿತ್ತು,” ಎಂದರು. “ನಂಗೆ ಹೆದ್ರಿಕೆ ಆಗಿತ್ತು.”

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಆದರೆ ಒಂದು ಶಬ್ದವೂ ತಪ್ಪಿರಲಿಲ್ಲ. ನನ್ನನ್ನು ಸುಡುವ ಆ ಮಾತಿಗೇ ನಾನು ಕೈ ಮುಗಿಯಬೇಕಾಗಿತ್ತು.

ಸಂಜೆ ನಾಗವೇಣಿಗೆ ಫೋನ್ ಮಾಡಿ, ನಿನ್ನ ಅಣ್ಣ ಇವತ್ತು ಪೂರ್ತಿ ವಾಕ್ಯ ಮಾತಾಡಿದರು ಎಂದೆ.

“ಹೌದಾ! ಎಂತ ಹೇಳಿದ?” ಎಂದು ಕೇಳಿದಳು.

ಹೇಳಿದೆ.