ನಿಂತ್ರ ಮುಟ್ಟಬ್ಯಾಡ

ಮೇಜು ಸರಿಸುವಾಗ ಒಂದು ಚೀಟಿ ಕೈಗೆ ಬಂತು. ಹಿಂಬದಿಗೆ ಒಣಗಿದ ಗಂಜಿ. ನೂಲಿಗೆಂದು ನಾನು ಕಾಸಿಟ್ಟದ್ದರಲ್ಲಿ ಬೆರಳು ಅದ್ದಿ ಅಕ್ಕ ಅದನ್ನು ತನ್ನ ಕಂಪ್ಯೂಟರಿಗೆ ಅಂಟಿಸಿದ್ದಳು. 'ನಿಂತ್ರ ಮುಟ್ಟಬ್ಯಾಡ.' ಹುಳಿ ವಾಸನೆ ಇನ್ನೂ ಇತ್ತು...

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟು ಇಳಕಲ್ಲಿನ ನಮ್ಮ ಮಗ್ಗಕ್ಕೆ ಕೂತವನು. ಅಕ್ಕ ಬಾಗಲಕೋಟೆಯಲ್ಲಿ ಓದಿ ಹುನಗುಂದದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಉಳಿದ ಹೊತ್ತೆಲ್ಲ ಮಗ್ಗದ ಪಕ್ಕದ ಈ ಮೇಜು. ಕಂಪ್ಯೂಟರಿನ ತೀರ ಒಳಗೆ ಕರ್ನಲ್ ಅಂತ ಇರುತ್ತದಂತೆ. ಊರೂರಿಗೆ ಹೋಗುವ ಸಂದೇಶವನ್ನು ಬೇರೆಯವರು ಓದದಂತೆ ಗುಟ್ಟು ಮಾಡುವ ಕೋಡ್ ಅದರಲ್ಲಿ. ಅದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು.

"ಕೊಂಡಿ ಹಾಕೂಕಿಂತ ಮೊದಲ ಸೆರಗಿಗೆ ಲಾಳಿ ಒಗದ್ರ ಏನಾಗ್ತೈತಿ?" ಎಂದಳು ಒಮ್ಮೆ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸಿಕ್ಕಿಸುವುದೇ ಕೊಂಡಿ.

"ಸೆರಗು ಕೈಯಾಗ ಬರ್ತೈತಿ. ಅಪ್ಪ ಇದ್ದಿದ್ರ ಕಪಾಳಕ್ಕೂ ಬರ್ತಿತ್ತು."

"ಇಲ್ಲೂ ಹಂಗ ಆಗೇತಿ ತಮ್ಮಾ. ಕೀಲಿ ತಯಾರಾಗೂಕಿಂತ ಮೊದಲ ಕೋಡಿನಾಗಿನ ಕೆಲಸದವರು ಯಾರೋ ಅದನ್ನ ಹಾಕಾಕ ಹೋಗ್ಯಾರ. ಆಮ್ಯಾಲ ಅವನ ಸಲುವಾಗಿ ಇವ, ಇವನ ಸಲುವಾಗಿ ಅವ... ಕಾಯ್ಕೋಂತ ನಿಂತಬಿಡ್ತಾರ."

ಸರಿಪಡಿಸುವ ದಾರಿ ಅವಳಿಗೆ ಹೊಳೆದಿತ್ತು. ಆದರೆ ಆ ಕೋಡ್ ನೋಡಿಕೊಳ್ಳುವ ದೂರದವರು ಪುರಾವೆ ಕೇಳಿದ್ದರು. ನಿಂತಾಗ ಪರದೆಯ ಮೇಲೆ ಮೂಡುವ ಅಕ್ಷರಗಳೇ ಪುರಾವೆ. ಬಂದ್ ಮಾಡಿದರೆ ಅವು ಅಳಿಸಿಹೋಗುತ್ತಿದ್ದವು.

ಒಂದು ಮಧ್ಯಾಹ್ನ ಅವಳು ಕಾಲೇಜಿಗೆ ಹೋದಾಗ, ನೂಲಿನ ಬುಟ್ಟಿ ಎತ್ತುತ್ತಿದ್ದ ನನ್ನ ಕಾಲಿಗೆ ವೈರ್ ತೊಡರಿತು. ತಲೆ ಎತ್ತಿದರೆ ಪರದೆ ತುಂಬ ಬಿಳಿ ಅಕ್ಷರ, ಅಲ್ಲಾಡದೆ ನಿಂತಿತ್ತು. ನಾನೇ ಕೆಡಿಸಿದೆ ಅಂದುಕೊಂಡೆ. ಚೀಟಿ ಕಣ್ಣೆದುರಿಗೇ ಇತ್ತು. ಆದರೂ ಹೆದರಿ ಗುಂಡಿ ಒತ್ತಿ, ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ.

ಸಂಜೆ ಬಂದವಳೇ, ಕಂಪ್ಯೂಟರ್ ಹೊಸದಾಗಿ ಚಾಲೂ ಆದದ್ದು ಕಂಡು ಕೇಳಿದಳು. "ಯಾರರ ಮುಟ್ಟಿದ್ರೇನು?"

"ಕರೆಂಟ್ ಹೋಗಿತ್ತಕ್ಕಾ."

ಮೇಜಿನ ಅಡಿಗೊಮ್ಮೆ, ನನ್ನತ್ತ ಒಮ್ಮೆ ನೋಡಿದಳು. ಮತ್ತೆ ಕೇಳಲಿಲ್ಲ.

ಅದು ಆಮೇಲೆ ನಿಲ್ಲಲೇ ಇಲ್ಲ. ದಿನಾ ಚಪ್ಪಲಿ ಬಿಡುವ ಮೊದಲೇ ಪರದೆ ನೋಡುತ್ತಿದ್ದಳು. ನಂತರ ಜಡ್ಡಿಗೆ ಬಿದ್ದಳು. ದವಾಖಾನೆಯಲ್ಲೂ "ನಿಂತೈತೇನು?" ಎಂದೇ ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಅಲ್ಲೇ ತೀರಿಕೊಂಡಳು...

ಇವತ್ತು ಕಂಪ್ಯೂಟರ್ ಖರೀದಿಸಿ ಒಯ್ಯಲು ಬಂದವನು, ನಾವು ಮೇಜು ಸರಿಸಿದ ಮೇಲೆ, ಮೇಜಿನ ಅಡಿಯಿಂದ ಭಾರದ ಡಬ್ಬಿಯೊಂದನ್ನು ಎಳೆದ. ಅದರ ಮೇಲೆ ಅಕ್ಕನ ಹಳೆಯ ಸೀರೆಯ ತುಂಡು ಹೊದಿಸಿತ್ತು.

"ಬ್ಯಾಟರಿ ರೀ ಇದು. ಕರೆಂಟ್ ಹೋದ್ರೂ ಕಂಪ್ಯೂಟರ್ ಬಂದ್ ಆಗ್ತಿರಲಿಲ್ಲ."

ಅವಳಿಗೆ ಆವತ್ತೇ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ಕಾದಳು. ಅವಳು ಇನ್ನೊಮ್ಮೆ ಕೇಳಲಿ ಎಂದು ನಾನು ಕಾದೆ.

ಅವನು ಹೋದ ಮೇಲೆ, ಬರಿದಾದ ಜಾಗಕ್ಕೆ ಹೇಳಿದೆ: "ಅಕ್ಕಾ, ನಾನ ಮುಟ್ಟಿದ್ದೆ."