ಇಲ್ಲದವರ ಹೆಸರಿನ ಸೀಟು

ದಸರಾ ದೀಪಾವಳಿ ಬಂತೆಂದರೆ ಹೈದರಾಬಾದಿನಿಂದ ದಿಲ್ಲಿಗೆ ಹೋಗುವ ವಿಮಾನದಲ್ಲಿ ಸೀಟು ಸಿಗುತ್ತಿರಲಿಲ್ಲ. ನಮ್ಮ ಕಡೆಯವರಿಗೆ ಅದನ್ನು ನಾನು ಸುಲಭ ಮಾಡಿಕೊಟ್ಟೆ. ಹೇಗೆ ಮಾಡಿಕೊಟ್ಟೆ ಎಂಬುದನ್ನು ಬರೆಯಲು ಈಗ ಕುಳಿತಿದ್ದೇನೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದು ಒಂದೆರಡು ವರ್ಷವಾಗಿತ್ತು. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದ ಸಾವಕಾರರೊಬ್ಬರ ಆಫೀಸಿನಲ್ಲಿ ನಾನು ಗುಮಾಸ್ತ. ಮ್ಯಾಟ್ರಿಕ್ ಪಾಸಾಗಿದ್ದೆ, ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಬಲ್ಲೆ. ಸಾವಕಾರರ ಮಗಳನ್ನು ದಿಲ್ಲಿಗೆ ಕೊಟ್ಟಿದ್ದರು. ಹಬ್ಬಕ್ಕೆ ಆಕೆ, ಅಳಿಯ, ಬೀಗರು ಎಲ್ಲರೂ ಬರಬೇಕು, ಹೋಗಬೇಕು. ಶ್ರಾವಣದಲ್ಲೇ ಹೈದರಾಬಾದಿನ ಟಿಕೆಟ್ ಆಫೀಸಿಗೆ ಪತ್ರ ಬರೆದು ಸೀಟು ಹಿಡಿಸುವುದು ನನ್ನ ಕೆಲಸ. ಆದರೆ ಯಾರು ಯಾವಾಗ ಹೊರಡುತ್ತಾರೆಂದು ಅಷ್ಟು ಮೊದಲೇ ಯಾರೂ ಹೇಳುತ್ತಿರಲಿಲ್ಲ. ಹಾಗಾಗಿ ನಾನು ಇಲ್ಲದವರ ಹೆಸರುಗಳನ್ನು ಕಟ್ಟಿ ಬರೆದುಬಿಡುತ್ತಿದ್ದೆ. ಒಬ್ಬನ ಹೆಸರು, ಇನ್ನೊಬ್ಬನ ಅಡ್ಡಹೆಸರು. ಗುರುತಿನ ಚೀಟಿ ಕೇಳುವ ಪದ್ಧತಿ ಆಗ ಇರಲಿಲ್ಲ. ಟಿಕೆಟ್ ಯಾರ ಕೈಯಲ್ಲಿದೆಯೋ ಅವರೇ ಆ ಹೆಸರಿನವರು.

ಸುದ್ದಿ ಹಬ್ಬಿತು. ಚಿತ್ತಾಪುರದ ವಕೀಲರು ಬಂದರು, ಚಿಂಚೋಳಿಯಿಂದ ಒಬ್ಬ ಡಾಕ್ಟರು ಬಂದರು. ವಿಮಾನಕ್ಕೆ ಇಮಾನವೆನ್ನುವ ಬಜಾರಿನವರು ನನ್ನನ್ನು ಇಮಾನ ಮುನ್ಶಿ ಎಂದು ಕರೆಯತೊಡಗಿದರು. ಮಗಳ ಬಾಣಂತನಕ್ಕೆ ದಿಲ್ಲಿಗೆ ಹೊರಟ ಸೇಡಂ ಕಡೆಯ ಮುದುಕಿಯೊಬ್ಬಳನ್ನು ಆಫೀಸಿನಲ್ಲಿ ಕೂರಿಸಿ ಹೆಸರು ಕಲಿಸಿದ್ದು ನೆನಪಿದೆ.

"ಯವ್ವಾ, ಈಗ ನಿಮ್ಮ ಹೆಸರೇನು ಹೇಳ್ರಿ?"

"ಅದೇನಪಾ, ನೀ ಬರ್ದಿದ್ದು."

"ನಾ ಬರ್ದಿದ್ದು ಏನು?"

"ಮರ್ತೆನೋ ತಮ್ಮಾ. ಲಗ್ನದಾಗ ಒಂದ್ಸಲ ಹೆಸರ ಬದಲಿ ಮಾಡ್ಯಾರ. ಈ ವಯಸ್ಸಿನ್ಯಾಗ ನೀ ಮತ್ತೊಮ್ಮೆ ಮಾಡ್ಲಿಕತ್ತಿ ನೋಡು!"

ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ. ಅದರಲ್ಲಿ ತಪ್ಪಿದೆ ಎಂದು ನನಗೆ ಅನಿಸಿರಲೇ ಇಲ್ಲ.

ಒಂದು ವರ್ಷ ದೀಪಾವಳಿಗೆ ಎಂಟು ದಿನ ಇರುವಾಗ ಸಾವಕಾರರಿಗೆ ದಿಲ್ಲಿಯಿಂದ ತಂತಿ ಬಂತು. ಹಳೆಯ ಗಿರಾಕಿಯೊಬ್ಬರು ಅಲ್ಲಿ ಮನೆ ಕಟ್ಟಿಸಿದ್ದರು. ನಮ್ಮ ಕಲ್ಲಿನ ನೆಲ ಮಬ್ಬಾಗಿ ಕಾಣುತ್ತಿತ್ತು. ಹಬ್ಬದ ದಿನ ಗೃಹಪ್ರವೇಶ, ಪಾಲಿಶ್ ಮಿಸ್ತ್ರಿಯನ್ನು ಕೂಡಲೇ ಕಳಿಸಿ ಎಂದಿದ್ದರು. ನಮ್ಮ ಮಿಸ್ತ್ರಿ ತೆಂಗಳಿಯವನು, ನಲವತ್ತರ ಆಸುಪಾಸು, ಹೆಂಡತಿಯೊಂದಿಗೆ ಶಹಾಬಾದದಲ್ಲೇ ಮನೆ ಮಾಡಿದ್ದ. ದಿಲ್ಲಿಯ ರೈಲಿನಲ್ಲಿ ಜಾಗವಿರಲಿಲ್ಲ. "ಇಮಾನದಾಗ ಕಳಸು" ಎಂದರು ಸಾವಕಾರರು. ನನ್ನ ಬಳಿ ಒಂದು ಟಿಕೆಟ್ ಉಳಿದಿತ್ತು, ಹೋಗಿ ಬರುವುದೆರಡಕ್ಕೂ. ಆ ಟಿಕೆಟ್ಟಿನ ಮೇಲಿದ್ದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ಕಟ್ಟಿದ ಹೆಸರು.

ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದ್ ಗಾಡಿಗೆ ಅವನನ್ನು ಹತ್ತಿಸುವಾಗ, "ಹೆಸರಿನ ಮಾತು ಮನ್ಯಾಗ ಹೇಳಿಲ್ಲಲಾ?" ಎಂದು ಕೇಳಿದೆ.

"ಹೇಳಿದ್ರ ಬಿಡ್ತಿದ್ಳೇನ್ರಿ ಸಾಹೇಬ್ರ? ಮಂದಿ ಹೆಸರ್ಲೆ ಹೋಗೋನು ವಾಪಸ್ ಮಂದಿ ಮನಿಗೇ ಹೋಗು ಅಂತಿದ್ಳು."

ಗಾಡಿ ಹೊರಟಿತು. ಅವನು ಕಿಟಕಿಯಿಂದ ಕೈ ಬೀಸಿದ.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೈದರಾಬಾದಿನಿಂದ ಟ್ರಂಕ್ ಕಾಲ್ ಬಂತು. ಟಿಕೆಟ್ ಆಫೀಸಿನವನು ನಾನು ಕಟ್ಟಿದ ಆ ಹೆಸರನ್ನು ಹೇಳಿದ. ದಿಲ್ಲಿಯಲ್ಲಿ ವಿಮಾನ ಇಳಿದು ಊರೊಳಗೆ ಹೋಗುವ ಬಸ್ಸಿನಲ್ಲಿ ಆ ಮನುಷ್ಯ ಎದೆ ಹಿಡಿದುಕೊಂಡು ಬಿದ್ದನಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಹೋದನಂತೆ. ಚೀಲ ಸಿಕ್ಕಿಲ್ಲ. ಜೇಬಿನಲ್ಲಿ ವಾಪಸು ಟಿಕೆಟ್ ಒಂದೇ ಇತ್ತು. ಸೀಟು ಹಿಡಿಸಿದ್ದು ನಿಮ್ಮ ಆಫೀಸು, ಈತ ನಿಮ್ಮವನೇ, ಮನೆಯವರು ಯಾರಾದರೂ ಬರುತ್ತಾರೆಯೇ ಎಂದು ಕೇಳಿದ.

ಮೇಜಿನ ಮೇಲೆ ಹಬ್ಬದ ಪಟ್ಟಿ ಇತ್ತು. ಅದರಲ್ಲಿ ಇನ್ನೂ ಎಂಟು ಹೆಸರು, ಐದು ಇಲ್ಲದವರವು. ಒಂದು ಹೊರಬಿದ್ದರೆ ಎಲ್ಲವೂ ಹೊರಬೀಳುತ್ತವೆ, ಪೊಲೀಸರು ಬರುತ್ತಾರೆ, ಸಾವಕಾರರು ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯೊಳಗೆ ಓಡಿತು.

"ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ" ಎಂದೆ.

ಮರುದಿನ ನಿಜ ಹೇಳೋಣವೆಂದು ನಾನೇ ಹೈದರಾಬಾದಿಗೆ ಕಾಲ್ ಬುಕ್ ಮಾಡಿದೆ. ಲೈನು ಸಿಗಲು ಎರಡು ತಾಸು ಬೇಕೆಂದರು. ಒಂದೂವರೆ ತಾಸು ಕಾದು, ಕಾಲ್ ರದ್ದು ಮಾಡಿಸಿದೆ. ಆ ಅರ್ಧ ತಾಸನ್ನು ನಾನು ಎಷ್ಟು ಸಲ ಕಾದಿದ್ದೇನೆಂದು ಹೇಳಲಾರೆ. ಈಗಲೂ ಕೆಲವು ದಿನ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕುಳಿತು ಕಾಯುತ್ತಿರುತ್ತೇನೆ.

ಮಿಸ್ತ್ರಿ ಬಂದೇ ಇಲ್ಲವೆಂದು ದಿಲ್ಲಿಯ ಗಿರಾಕಿ ಮತ್ತೆ ತಂತಿ ಕೊಟ್ಟರು. ಸಾವಕಾರರು ಸಿಟ್ಟಾದರು. "ದೊಡ್ಡ ಊರ ನೋಡಿದ ಕೂಡ್ಲೆ ಓಡಿ ಹೋದ ನೋಡು ಮಗ" ಎಂದರು. ನಾನು ತಲೆ ಅಲ್ಲಾಡಿಸಿದೆ. ಆ ತಲೆ ಅಲ್ಲಾಡಿಸಿದ್ದೇ ಊರಿಗೆ ಸಾಕಾಯಿತು. ವರ್ಷ ತುಂಬುವುದರೊಳಗೆ, ಅವನು ದಿಲ್ಲಿಯಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆಂದೂ ಅವಳು ಪಂಜಾಬಿಯೆಂದೂ ಕಥೆ ಬೆಳೆಯಿತು. ಕಣ್ಣಾರೆ ಕಂಡೆವೆನ್ನುವವರೂ ಸಿಕ್ಕಿದರು!

ಅವನ ಹೆಂಡತಿ ಆಫೀಸಿಗೆ ಬಂದು ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ಅಣ್ಣಾ, ಅವರು ಇಮಾನ ಇಳ್ದಿದ್ದು ಖರೆ ಹೌದಲ್ರಿ?"

"ಹೌದವ್ವಾ, ಇಳ್ದಾನ."

"ಇಳ್ದು ಎಲ್ಲಿ ಹೋದ್ರು?"

"ನಮಗೇನ್ ಗೊತ್ತವ್ವಾ."

ಆಮೇಲೆ ಆಕೆ ತೆಂಗಳಿಗೆ ಹೋಗಿ ಗಂಡನ ಪಾಲಿನ ಒಂದು ಕೋಣೆಯಲ್ಲಿ ಉಳಿದಳು. ಅಲ್ಲಿಯ ಓಣಿಯವರು ಅವಳನ್ನು ಗಂಡ ಬಿಟ್ಟಾಕಿ ಎಂದೇ ಕರೆಯುತ್ತಿದ್ದರಂತೆ. ಹಬ್ಬಕ್ಕೆ ಅವಳು ಹೊಸ ಬಳೆ ತೊಟ್ಟರೆ, "ಯಾರಿಗಿ ತೋರಸ್ಲಿಕೆ?" ಎಂದು ಕೇಳುತ್ತಿದ್ದರಂತೆ. ಇವನ್ನೆಲ್ಲ ನನಗೆ ಹೇಳಿದವರು ನಗುತ್ತಲೇ ಹೇಳಿದರು.

ಸುಳ್ಳು ಹೆಸರು ಬರೆಯುವುದನ್ನು ನಾನು ಬಿಟ್ಟೆ. ಆದರೆ ಆ ಹೆಸರು ನನ್ನನ್ನು ಬಿಡಲಿಲ್ಲ. ವಾಡಿ ಸ್ಟೇಶನ್ನಿನ ಧ್ವನಿವರ್ಧಕದಲ್ಲಿ ಅದನ್ನು ಕೂಗಿದಂತಾಗಿ ಎದ್ದು ನಿಂತಿದ್ದೇನೆ. ಮತದಾರರ ಪಟ್ಟಿ ಕಂಡರೆ ಬೆರಳಿಟ್ಟು ಹುಡುಕಿದ್ದೇನೆ, ಸಿಗದಿರಲಿ ಎಂದು. ಹನ್ನೊಂದು ವರ್ಷವಾದ ಮೇಲೆ ಸೇಡಂನ ಒಂದು ಬ್ಯಾಂಕಿಗೆ ಹೋಗಿದ್ದೆ. ಹೊಸದಾಗಿ ಬಂದ ನಗುಮುಖದ ಗುಮಾಸ್ತ ಕಾಗದವನ್ನು ನನ್ನ ಮುಂದೆ ಸರಿಸಿ, ಏನಾದರೂ ಬೇಕಿದ್ದರೆ ನನ್ನನ್ನು ಕೇಳಿರಿ ಎಂದು ತನ್ನ ಹೆಸರು ಹೇಳಿದ. ಅದೇ ಹೆಸರು. ಅಡ್ಡಹೆಸರೂ ಅದೇ. ನನ್ನ ಸಹಿ ನನಗೇ ಬರಲಿಲ್ಲ. ಕಾಗದ ಅಲ್ಲೇ ಬಿಟ್ಟು ಹೊರಗೆ ಬಂದೆ, ಮರುದಿನ ತೆಂಗಳಿಯ ಬಸ್ಸು ಹತ್ತಿದೆ.

ಮಿಸ್ತ್ರಿಯ ಹೆಂಡತಿ ಜೋಳ ಹಸನು ಮಾಡುತ್ತಿದ್ದಳು. "ಬರ್ರಿ ಅಣ್ಣಾ, ಕುಂದ್ರಿ" ಎಂದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಹೇಳುವಷ್ಟು ಹೊತ್ತೂ ಮೊರದಲ್ಲಿ ಅವಳ ಕೈ ಆಡುತ್ತಲೇ ಇತ್ತು. ಮುಗಿದಾಗ ನಿಂತಿತು.

"ಏನಂತ ಹೆಸರ ಇಟ್ಟಿದ್ರಿ?"

ಹೇಳಿದೆ. ಆಕೆ ಒಂದು ಸಲ ಅದನ್ನು ತನ್ನಷ್ಟಕ್ಕೆ ಅಂದು ನೋಡಿದಳು.

"ನಮ್ಮಾಗ ಮಣ್ಣ ಮಾಡತಾರ. ಅಲ್ಲಿ ಮಣ್ಣ ಮಾಡಿದ್ರೋ, ಸುಟ್ರೋ?"

"ಗೊತ್ತಿಲ್ಲವ್ವಾ."

ನಾನು ಅವಳ ಅಳುವಿಗೆ ಸಿದ್ಧನಾಗಿದ್ದೆ, ಬೈಗುಳಕ್ಕೂ ಸಿದ್ಧನಾಗಿದ್ದೆ. ಆಕೆ ಮಾತನಾಡಿದ್ದು ಮೆಲ್ಲಗೆ.

"ಹನ್ನೊಂದ ವರ್ಷ ಅವರಿಗಿ ದಿನಾ ಬೈದೀನ್ರಿ. ಮುಂಜಾನೆದ್ದು ಮಾರಿ ತೊಳಕೋಬೇಕಾದ್ರ ಬೈದೀನಿ. ಸತ್ತ ಮನಷ್ಯಾಗ ಬೈಲಿಕತ್ತೀನಂತ ನನಗ ಗೊತ್ತಿತ್ತೇನ್ರಿ? ಅದನ್ನ ಈಗ ಹ್ಯಾಂಗ ವಾಪಸ್ ತಗೋಳ್ಲಿ?"

ನಾನು ಅವಳ ಕಾಲಿಗೆ ಬಾಗಿದೆ. ಆಕೆ ಕಾಲು ಹಿಂದೆ ಎಳೆದುಕೊಂಡಳು.

"ನನ್ನ ಕಾಲ ಬ್ಯಾಡ್ರಿ. ಹೊರಗ ಬರ್ರಿ. ಅವರು ಓಡಿ ಹೋಗಿಲ್ಲಂತ ಈ ಓಣಿಗಿ ಹೇಳ್ರಿ. ನಿಮ್ಮ ಬಾಯ್ಲೆ ಹೇಳ್ರಿ, ಒಂದೊಂದ ಮನಿಗಿ ಹೋಗಿ."

ಹೋದೆ. ಮೊದಲ ಮನೆಯವರಿಗೆ ನಾನು ಹೇಳಿದ್ದು ತಿಳಿಯಲಿಲ್ಲ, ಎರಡು ಸಲ ಹೇಳಬೇಕಾಯಿತು. ಎರಡನೆಯ ಮನೆಯ ಮುದುಕ, "ಹಂಗಾದ್ರ ಆ ಪಂಜಾಬಿ ಹೆಣ್ಮಗಳು?" ಎಂದು ಕೇಳಿದ. ಅಂಥವಳು ಯಾರೂ ಇಲ್ಲವೆಂದೆ. ಮೂರನೆಯ ಮನೆಯ ಹೆಂಗಸು ನನ್ನ ಮುಖಕ್ಕೆ ಉಗಿಯುವಂತೆ ಅಂಗಳಕ್ಕೆ ಉಗಿದಳು. ನಾಲ್ಕನೆಯ ಬಾಗಿಲಲ್ಲಿ ಮಾತು ಶುರು ಮಾಡುವ ಮೊದಲು ಕುಡಿಯಲು ನೀರು ಕೇಳಿದೆ. ತಿರುಗಿ ನೋಡಿದೆ. ಆಕೆ ನಾಲ್ಕು ಹೆಜ್ಜೆ ಹಿಂದೆ ಸೆರಗು ಹೊದ್ದು ನಿಂತಿದ್ದಳು.

"ನೀರ ಕುಡೀರಿ" ಎಂದಳು. "ಇನ್ನಾ ಆರ ಮನಿ ಅವ."

ಆ ಮನೆಯವರು ಕೊಟ್ಟ ನೀರು ಕುಡಿದೆ. ಅವರಿಗೆ ಹೇಳಿದೆ. ಐದನೆಯ ಬಾಗಿಲು ಬಡಿದೆ.