ಬಿಳಿ ಬಸವನ ನೀಲಿ ಕಣ್ಣು

ನಮ್ಮ ಮನೆಯ ಪಿಂಗಾಣಿ ಬಸವನಿಗೆ ನೀಲಿ ಕಣ್ಣುಗಳಿದ್ದವು. ಅವನ್ನು ಬರೆದದ್ದು ತಾತ. ಅವರು ಕೆಜಿಎಫ್‌ನ ಗಣಿ ಬಂಗಲೆಗಳಿಗೆ ಸೈಕಲ್ಲಿನಲ್ಲಿ ಹಾಲು ಹಾಕುತ್ತಿದ್ದಾಗ, ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬ ಈ ಬಸವನನ್ನು ಕೊಟ್ಟನಂತೆ. ಮೈಯೆಲ್ಲ ಬಿಳುಪು, ಕಣ್ಣೇ ಇಲ್ಲ. ಕಣ್ಣಿಲ್ಲದ ಮೂರ್ತಿಯನ್ನು ನಮ್ಮಲ್ಲಿ ಮನೆಯೊಳಗೆ ಇಡುವುದಿಲ್ಲ. ಸಂಕ್ರಾಂತಿಗೆ ಹಸುಗಳ ಕೊಂಬಿಗೆ ಬಳಿದು ಮಿಕ್ಕ ಬಣ್ಣದಲ್ಲಿ ಕಣ್ಣು ಬರೆದ ಮೇಲೆಯೇ ತಾತ ಅದನ್ನು ಒಳಗೆ ತಂದರು.

ಈ ಸಲ ಸಂಕ್ರಾಂತಿ ಮುಗಿಯುತ್ತಲೇ ರಾಬರ್ಟ್‌ಸನ್‌ಪೇಟೆಯ ನಮ್ಮ ಕಾಲೇಜಿನಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿತ್ತು. ಬಸವನ ಹೊಟ್ಟೆಯಡಿ ಅಚ್ಚಿನಲ್ಲೇ ಮೂಡಿದ್ದ ಸಹಿಯನ್ನು ಮೊಬೈಲಿನಲ್ಲಿ ಹುಡುಕಿದೆ. ಆಧುನಿಕ ಶಿಲ್ಪಿಯೊಬ್ಬ ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗೆ ಮಾಡಿಕೊಟ್ಟ ಗೂಳಿಯ ಮಾದರಿ ಅದು. ಕಾರ್ಖಾನೆ ಅದೇ ಅಚ್ಚಿನಿಂದ ಎಷ್ಟೋ ಗೂಳಿಗಳನ್ನು ತೆಗೆದು ಮಾರಿತ್ತು. ಚಿತ್ರದಲ್ಲಿದ್ದ ಒಂದಕ್ಕೂ ಕಣ್ಣಿರಲಿಲ್ಲ. ಅಂದರೆ ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಪ್ರದರ್ಶನಕ್ಕೆ ಹೋಗಬೇಕಾದದ್ದು ಶಿಲ್ಪಿಯ ಗೂಳಿ, ತಾತನ ತಿದ್ದುಪಡಿ ಅಲ್ಲ. ಇಷ್ಟೇ ನನ್ನ ವಾದ. ಬಣ್ಣ ಕರಗಿಸಿ ತೆಗೆಯಲು ಥಿನ್ನರ್ ಕೊಂಡುತಂದೆ.

ಅಜ್ಜಿ ಬಸವನನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತುಬಿಟ್ಟರು.

"ನಿಮ್ಮ ತಾತ ಇಕ್ಕಿರೋ ಕಣ್ಣು ಕೀಳ್ತೀಯೇನೇ? ಅವರ ಕೈಯಾರೆ ಮಾಡಿದ್ದು ಅಂತ ಈ ಮನೇಲಿ ಇನ್ನೇನೈತೆ?"

"ಮಾಡಿದೋನೇ ಬೇಡ ಅಂತ ಬಿಟ್ಟವ್ನೆ ಅಜ್ಜಿ."

"ಅವನ ಮನೇಲಿರೋದ್ಕೆ ಬಿಟ್ಕಳ್ಲಿ. ಇದು ನಮ್ಮನೇಲೈತೆ."

"ಬಣ್ಣದ ಕೆಳಗೆ ಅಸಲಿ ಮುಖ ಅಂಗೇ ಐತೆ. ಅದು ಕಾಣ್ಬೇಕಲ್ವಾ?"

"ಕೆಳಗೆ ಆ ಮುಖ ಇಲ್ದಿದ್ರೆ?"

"ಇಲ್ದಿದ್ರೆ ನಾನೇ ಕಣ್ಣು ಬರೀತೀನಿ."

"ಅಂಗಾದ್ರೆ ಒಂದೇ ಒಂದು ಉಜ್ಜು. ಇನ್ನೊಂದರ ತಂಟೆಗೋದ್ರೆ ಕೈ ಮುರೀತೀನಿ ನೋಡು."

ಬಲಗಣ್ಣು ಉಜ್ಜಿದೆ. ನೀಲಿ ಬಣ್ಣವೇನೋ ಎದ್ದುಬಂತು. ಕೆಳಗೆ ಮಾತ್ರ ನಾನು ಹೇಳಿದ್ದ ನುಣುಪು ಮುಖವಿರಲಿಲ್ಲ, ಅಡ್ಡಾದಿಡ್ಡಿ ಗೀರುಗಳಿದ್ದವು. ಜಾರುವ ಪಿಂಗಾಣಿಗೆ ಬಣ್ಣ ಹಿಡಿಯಲೆಂದು ತಾತ ಮೊದಲು ಮೊಳೆಯಿಂದ ಗೀರಿದ್ದಿರಬೇಕು. ಶಿಲ್ಪಿಯ ಮುಖವನ್ನು ಮರಳಿ ತರುವ ಮಾತೇ ಇರಲಿಲ್ಲ. ಅದು ಆವತ್ತೇ ಹೋಗಿತ್ತು. ವಾದದ ಬುಡವೇ ಕಿತ್ತುಬಂದ ಮೇಲೆ, ಕೊಟ್ಟ ಮಾತಿನಂತೆ ಕಣ್ಣು ಬರೆಯಲು ಕೂತೆ.

ಈ ವರ್ಷದ ಕೊಂಬಿನ ಬಣ್ಣದಲ್ಲಿ ಮಿಕ್ಕಿದ್ದು ಕೆಂಪು ಮಾತ್ರ. ಅದರಲ್ಲೇ ಬರೆದೆ. ಎಡಗಣ್ಣಿಗಿಂತ ದೊಡ್ಡದಾಯಿತು.

ಅಜ್ಜಿ ಬಸವನನ್ನು ಬೆಳಕಿಗೆ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿದರು. "ಅವರು ಇಕ್ಕಿದ್ದು ಮೇವು ನೋಡ್ತೈತೆ. ನೀನಿಕ್ಕಿದ್ದು ಜಗಳ ನೋಡ್ತೈತೆ. ಓಗು, ಇಂಗೇ ತಗೊಂಡೋಗು."

ಹಾಗೇ ಒಯ್ದೆ. ಪ್ರದರ್ಶನದ ಮೇಜಿನ ಮೇಲೆ ತಾತನ ನೀಲಿ ಕಣ್ಣು ಬಾಗಿಲ ಕಡೆ ಬರುವಂತೆ ಇಟ್ಟೆ.